ಮಂಡಿಯೂರುವ ಹಕ್ಕು

ಆ ವರ್ಷ ಆ ಕನ್ಯಾಮಠದಲ್ಲಿ ನಡೆದ ಅತ್ಯಂತ ಗಂಭೀರವಾದ ಘಟನೆಯೆಂದರೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಉಪ್ಪಿನ ಬಟ್ಟಲೊಂದು ಒಡೆದದ್ದು. ಅದೇ ವರ್ಷ ಪ್ರಾರ್ಥನಾಲಯದ ಚಾವಣಿಯ ಒಂದು ಮೂಲೆ ಕುಸಿದಿತ್ತು, ಧರ್ಮಾಧ್ಯಕ್ಷರು ಬದಲಾಗಿದ್ದರು, ಹೊರಗೆ ಒಂದು ಸರ್ಕಾರವೂ ಬಿದ್ದಿತ್ತಂತೆ. ಅವ್ಯಾವುದಕ್ಕೂ ಒಳಗಿನ ಹನ್ನೊಂದು ಮಂದಿ ಕನ್ಯಾಸ್ತ್ರೀಯರ ನಿದ್ದೆ ಕೆಟ್ಟಿರಲಿಲ್ಲ. ಬಟ್ಟಲು ಬಿಳಿ ಪಿಂಗಾಣಿಯದು, ಅಂಗೈಯಷ್ಟು ಅಗಲ. ಮೂರು ಚೂರಾಯಿತು. ಒಡೆದವರು ಎಂಬತ್ತೊಂದು ವರ್ಷದ ಸೌಟಮ್ಮ.

ಸೌಟಮ್ಮ ಎನ್ನುವುದು ಅವರ ಹೆಸರಲ್ಲ. ವ್ರತ ತೊಟ್ಟ ದಿನ ಯಾವುದೋ ಸಂತರ ಹೆಸರು ಕೊಟ್ಟಿದ್ದರು. ಅದು ದಾಖಲೆಯಲ್ಲಿ ಉಳಿಯಿತು, ಬಾಯಿಗೆ ಬರಲಿಲ್ಲ. ಮೂವತ್ತೊಂಬತ್ತು ವರ್ಷ ಅಡುಗೆಮನೆ ನಡೆಸಿದವರು ಅವರು. ಮೌನದ ಹೊತ್ತಿನಲ್ಲಿ ಯಾರಾದರೂ ಅಲ್ಲಿಗೆ ಬಂದು ಪಿಸುಗುಟ್ಟಿದರೆ ಪಾತ್ರೆಯ ಅಂಚಿಗೆ ಸೌಟಿನಿಂದ ಒಂದೇಟು ಬಾರಿಸಿ ಓಡಿಸುತ್ತಿದ್ದರು. ಹೆಸರು ಅಲ್ಲಿಂದ ಬಂತು. ಕೈ ನಡುಗತೊಡಗಿದ ಮೇಲೆ ಅಡುಗೆಮನೆ ಬೇರೆಯವರಿಗೆ ಹೋಯಿತು. ಊಟದ ಮೇಜುಗಳ ಮೇಲೆ ನೀರಿನ ಹೂಜಿ, ಉಪ್ಪಿನ ಬಟ್ಟಲು ಇಡುವ ಕೆಲಸ ಸೌಟಮ್ಮನವರಿಗೆ ಉಳಿಯಿತು.

ಅದು ಕಠಿಣವಾದ ಮಠ. ಬೆಳಕು ಹರಿಯುವ ಮುಂಚೆ ಏಳಬೇಕು, ದಿನಕ್ಕೆ ಏಳು ಸಲ ಪ್ರಾರ್ಥನಾಲಯಕ್ಕೆ ಹೋಗಬೇಕು, ಹುಲ್ಲಿನ ಹಾಸಿಗೆಯ ಮೇಲೆ ಮಲಗಬೇಕು, ಮಾಂಸ ಮುಟ್ಟಬಾರದು. ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಮಾತಾಡಬಹುದು. ಉಳಿದ ಹೊತ್ತಿನಲ್ಲಿ ತೀರಾ ಅಗತ್ಯವಾದದ್ದನ್ನು ಕೈಸನ್ನೆಯಲ್ಲಿ ಹೇಳಬಹುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಲ್ಲಿ ಊಟವೂ ಅಷ್ಟಕ್ಕಷ್ಟೇ, ಮಾತೂ ಅಷ್ಟಕ್ಕಷ್ಟೇ; ಆದರೂ ರೋಗಕ್ಕಾಗಲಿ ಜಗಳಕ್ಕಾಗಲಿ ಕೊರತೆಯಿರಲಿಲ್ಲ. ಉದಾಹರಣೆಗೆ, ಮಠದ ಮುಖ್ಯಸ್ಥೆಯಾದ ಮದರ್ ಅವರ ಕೈಕೆಳಗಿನ ಉಪಮದರ್. ಅವರಿಗೆ ಎಪ್ಪತ್ತೊಂಬತ್ತು. ಪೂಜೆಗೆ ಬೇಕಾದ ಓಸ್ತಿಯನ್ನು, ಎಂದರೆ ಆ ತೆಳ್ಳನೆಯ ಬಿಳಿ ರೊಟ್ಟಿಯನ್ನು, ಸುಟ್ಟು ಊರೂರಿನ ಚರ್ಚುಗಳಿಗೆ ಕಳಿಸುವ ಕೆಲಸ ಅವರದು. ಓಸ್ತಿಗೆ ಹಿಟ್ಟು ಮತ್ತು ನೀರು ಬಿಟ್ಟರೆ ಏನೂ ಹಾಕುವಂತಿಲ್ಲ. ದೇವರ ರೊಟ್ಟಿಗೇ ಇಲ್ಲದ ಉಪ್ಪು ನಮ್ಮ ಸೂಪಿಗೆ ಅಷ್ಟೊಂದು ಯಾಕೆ ಎಂಬುದು ಅವರ ವಾದ. ಈ ವಾದವನ್ನು ಅವರು ಮೂವತ್ತೊಂಬತ್ತು ವರ್ಷ, ದಿನಕ್ಕೊಂದು ಸಲ, ನಾಲಿಗೆಗೆ ಬೆರಳು ಮುಟ್ಟಿಸಿ ಮುಖ ಹಿಂಡಿ ಸನ್ನೆಯಲ್ಲೇ ಮಂಡಿಸಿದ್ದರು. ಸೌಟಮ್ಮನವರೂ ಅಷ್ಟೇ ಸಲ ಸನ್ನೆಯಲ್ಲೇ ಉತ್ತರ ಕೊಟ್ಟಿದ್ದರು. ಆ ಉತ್ತರ ಸನ್ನೆಗಳ ಪಟ್ಟಿಯಲ್ಲಿ ಇರಲಿಲ್ಲ.

ಇನ್ನು ಒಡೆದದ್ದರ ವಿಚಾರ. ಆ ಮನೆಯಲ್ಲಿ ಯಾರಾದರೂ ಏನನ್ನಾದರೂ ಒಡೆದರೆ, ಚೂರುಗಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಊಟದ ಮನೆಯ ನಡುವೆ ಎಲ್ಲರೆದುರು ಮಂಡಿಯೂರಬೇಕು. ಉಳಿದವರು ಗೋಡೆಯ ಉದ್ದಕ್ಕೂ ಕುಳಿತು ಊಟ ಮಾಡುತ್ತಿರುತ್ತಾರೆ, ಒಬ್ಬರು ಗಟ್ಟಿಯಾಗಿ ಯಾವುದೋ ಪುಣ್ಯಕಥೆ ಓದುತ್ತಿರುತ್ತಾರೆ. ಮದರ್ ತಮಗೆ ಸಾಕೆನಿಸಿದಾಗ ಪುಟ್ಟ ಮರದ ಕೊಡತಿಯಿಂದ ಮೇಜಿಗೆ ಒಂದು ಕುಟ್ಟುತ್ತಾರೆ. ಆಗ ಎದ್ದು ಹೋಗಿ ತಣ್ಣಗಾದ ಸೂಪು ಕುಡಿಯಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ಅದರ ಮಾತು ಯಾರೂ ಎತ್ತುವ ಹಾಗಿಲ್ಲ, ಸನ್ನೆಯಲ್ಲೂ. ಸೌಟಮ್ಮ ಐವತ್ತೆಂಟು ವರ್ಷದಲ್ಲಿ ತಟ್ಟೆ, ಹೂಜಿ, ದೀಪದ ಗಾಜು, ಒಮ್ಮೆ ಕಿಟಕಿಯ ಗಾಜು, ಎಲ್ಲಕ್ಕೂ ಮಂಡಿಯೂರಿದ್ದರು. ಅವರ ಲೆಕ್ಕದಲ್ಲಿ ಅದು ಹಲ್ಲುಜ್ಜಿದ ಹಾಗೆ.

ಮಂಗಳವಾರವೂ ಅವರು ಚೂರು ಹಿಡಿದು ನಡುವೆ ಬಂದರು. ಬಲಮಂಡಿ ಬಾಗಿತು, ನೆಲಕ್ಕೆ ಇನ್ನೂ ಒಂದು ಗೇಣು ಇರುವಾಗಲೇ ಕೊಡತಿಯ ಸದ್ದು ಕೇಳಿತು. ಸೌಟಮ್ಮ ತಲೆಯೆತ್ತಿ ನೋಡಿದರು. ಮದರ್ ನಗುತ್ತಾ, ಸಾಕು, ಕುಳಿತುಕೊಳ್ಳಿ ಎಂದು ಕೈಯಲ್ಲಿ ತೋರಿಸಿದರು. ಅರ್ಧ ಬಾಗಿದ ಎಂಬತ್ತೊಂದರ ಮಂಡಿ ಮೇಲೂ ಹೋಗದೆ ಕೆಳಗೂ ಹೋಗದೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಕೊನೆಗೆ ಬಟ್ಟೆ ಒಗೆಯುವ ಸಿಸ್ಟರ್ ಬಂದು ತೋಳು ಹಿಡಿದು ನಿಲ್ಲಿಸಿದರು.

ಮದರ್ ಅವರಿಗೆ ನಲವತ್ತೇಳು ವರ್ಷ. ಮಠಕ್ಕೆ ಬರುವ ಮುಂಚೆ ನರ್ಸ್ ಆಗಿದ್ದವರು, ಆರು ತಿಂಗಳ ಹಿಂದೆ ಆಯ್ಕೆಯಾದವರು. ಅವರಲ್ಲಿ ಹುಡುಕಿದರೂ ಕೆಟ್ಟದ್ದು ಸಿಗುತ್ತಿರಲಿಲ್ಲ, ತೊಂದರೆಯೇ ಅದು. ಕೆಟ್ಟವರ ಜೊತೆ ಜಗಳವಾಡಬಹುದು, ಒಳ್ಳೆಯವರು ಅದಕ್ಕೆ ಜಾಗವನ್ನೇ ಬಿಡುವುದಿಲ್ಲ. ಮಾತಿನ ಗಂಟೆಯಲ್ಲಿ ಅವರು ಸೌಟಮ್ಮನವರನ್ನು ಕೋಣೆಗೆ ಕರೆಸಿ, ತಮ್ಮ ಕುರ್ಚಿಯಲ್ಲೇ ಕೂರಿಸಿ, ವಿಷಯ ಹೇಳಿದರು. ಮಂಡಿಯ ಬಗ್ಗೆ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇನ್ನು ಮೇಲೆ ಏನು ಒಡೆದರೂ ಮಂಡಿಯೂರಬೇಕಾಗಿಲ್ಲ. ಶುಕ್ರವಾರದ ತಪ್ಪೊಪ್ಪಿಗೆ ಸಭೆಗೂ ಬರಬೇಕಾಗಿಲ್ಲ, ಆ ಕೋಣೆ ತಂಪು. ಬೆಳಗಿನ ಜಾವದ ಪ್ರಾರ್ಥನೆಗೂ ಮನಸ್ಸಾದರೆ ಬಂದರೆ ಸಾಕು. ಮತ್ತೆ, ಊರಿನ ಆರೈಕೆಮನೆಯಲ್ಲಿ ಒಂದು ಕೋಣೆ ಖಾಲಿಯಾಗಿದೆ. ಸುಮ್ಮನೆ ಹೋಗಿ ನೋಡಿಕೊಂಡು ಬರಲಿ ಎಂದು ಸೋಮವಾರಕ್ಕೆ ಕಾರಿಗೆ ಹೇಳಿಯಾಗಿದೆ.

ನೋಡಿಕೊಂಡು ಬರಲು ಹೋದವರನ್ನು ಸೌಟಮ್ಮ ಬಲ್ಲರು. ಹಿಂದಿನ ಮದರ್ ಕಾಲದಲ್ಲಿ ಮೂವರು ಹೋಗಿದ್ದರು. ಮೂವರದೂ ಒಂದೇ ದಾರಿ: ಮೊದಲು ಮಂಡಿಯೂರುವುದಕ್ಕೆ ವಿನಾಯಿತಿ, ಆಮೇಲೆ ಸಭೆಗೆ ವಿನಾಯಿತಿ, ಆಮೇಲೆ ಕಾರು. ತೋಟದ ಸಿಸ್ಟರ್ ಕೊನೆಯವರು. ಅವರ ಕೋಣೆಯಲ್ಲಿ ಟಿವಿ ಇತ್ತಂತೆ, ಅದನ್ನು ಆರಿಸುವುದು ಹೇಗೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ. ನಾಲ್ಕು ತಿಂಗಳಿಗೆ ಸುದ್ದಿ ಬಂತು. ಈ ಮಠದಲ್ಲಿ ವ್ರತ ತೊಡುವವರು ಬಡತನ, ವಿಧೇಯತೆಗಳ ಜೊತೆಗೆ ಇನ್ನೊಂದು ಮಾತು ಕೊಡುತ್ತಾರೆ: ಸಾಯುವವರೆಗೂ ಇದೇ ಮನೆ, ಇದೇ ಜನ. ತೋಟದ ಸಿಸ್ಟರ್ ಆ ಮಾತನ್ನು ಮುರಿಯಲಿಲ್ಲ. ಅವರ ಕೈಯಿಂದ ಯಾರೋ ಪ್ರೀತಿಯಿಂದ ಬಿಡಿಸಿಕೊಂಡರು ಅಷ್ಟೆ.

ಮೌನ ಸಮ್ಮತಿಯ ಲಕ್ಷಣ ಎಂಬ ಗಾದೆ ಈ ಮನೆಯಲ್ಲಿ ನಡೆಯುವುದಿಲ್ಲ. ನಡೆದಿದ್ದರೆ ಎಲ್ಲರೂ ಎಲ್ಲದಕ್ಕೂ ಒಪ್ಪಿದಂತಾಗುತ್ತಿತ್ತು. ಸೌಟಮ್ಮ ಏನೂ ಹೇಳದೆ ಎದ್ದು ಹೋದರು. ಮದರ್ ಒಪ್ಪಿಗೆಯಾಯಿತೆಂದು ತಿಳಿದರು. ಆರು ತಿಂಗಳಲ್ಲಿ ಅವರು ಮಾಡಿದ ಮೊದಲ ತಪ್ಪು ಅದೇ.

ಬುಧವಾರ ಮಧ್ಯಾಹ್ನ ಎಲ್ಲರೂ ಕುಳಿತು ಸೂಪು ಬಡಿಸಿದ ಮೇಲೆ ಸೌಟಮ್ಮ ನಡುವಿಗೆ ಬಂದರು, ಕರವಸ್ತ್ರ ಬಿಚ್ಚಿದರು, ನಿನ್ನೆಯ ಮೂರು ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡರು, ಊರುಗೋಲು ಪಕ್ಕಕ್ಕಿಟ್ಟು ಮಂಡಿಯೂರಿದರು. ಈ ಸಲ ಬೇಗ ಊರಿದರು. ಕೋಣೆಯಲ್ಲಿ ಅಭ್ಯಾಸ ಮಾಡಿದ್ದಿರಬೇಕು. ಮದರ್ ಕೊಡತಿ ಕುಟ್ಟಿದರು. ಸೌಟಮ್ಮ ಏಳಲಿಲ್ಲ. ಕಿವಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ, ಜೋರಾಗಿ ಕುಟ್ಟಿದರು. ಸೌಟಮ್ಮ ಕೇಳಿಸಿತೆಂಬಂತೆ ತಲೆಯಾಡಿಸಿದರು; ಏಳಲಿಲ್ಲ. ಸಂತರೊಬ್ಬರ ಹಲ್ಲು ಕೀಳುವ ಪ್ರಸಂಗ ಓದುತ್ತಿದ್ದ ಸಿಸ್ಟರ್ ಸಾಲು ತಪ್ಪಿ, ಅದೇ ಹಲ್ಲನ್ನು ಮೂರು ಸಲ ಕಿತ್ತರು. ಊಟ ಮುಗಿಯಿತು, ಪ್ರಾರ್ಥನೆ ಮುಗಿಯಿತು, ಎಲ್ಲರೂ ಸಾಲಾಗಿ ಹೊರಗೆ ಹೋದರು. ಆಮೇಲೆ ಸೌಟಮ್ಮ ಮೇಜಿನ ಕಾಲು ಹಿಡಿದು ತಾವೇ ಎದ್ದರು.

ಅದರಿಂದ ಒಂದು ಶಾಸ್ತ್ರಸಂಕಟ ಹುಟ್ಟಿತು. ಮದರ್ ಏಳಿ ಎಂದಾಗ ಏಳದಿರುವುದು ಅವಿಧೇಯತೆ. ಅವಿಧೇಯತೆಗೆ ನಿಯಮದ ಪುಸ್ತಕ ಹೇಳುವ ಶಿಕ್ಷೆ ಮಂಡಿಯೂರುವುದು. ಮಂಡಿಯೂರಿಸಿದರೆ ಮುದುಕಿ ಗೆದ್ದಂತೆ. ಬಿಟ್ಟರೆ ನಾಳೆಯೂ ಊರುತ್ತಾರೆ. ಮದರ್ ಒಳ್ಳೆಯವರು ಮಾಡುವ ಕೆಲಸವನ್ನೇ ಮಾಡಿದರು: ಮನೆಯವರಿಗೆ ಫೋನ್ ಹಚ್ಚಿದರು.

ಸೌಟಮ್ಮನವರಿಗೆ ಮನೆಯವರೆಂದರೆ ಈಗ ಉಳಿದದ್ದು ಒಬ್ಬಳೇ ತಂಗಿ. ಎಪ್ಪತ್ತಾರರ ಆಕೆ ವಿಧವೆ, ಹೊಲಿಗೆಯವಳು. ಇಂದಿಗೂ ಕಣ್ಣಿಗೆ ಎರಡು ಕನ್ನಡಕ ಬದಲಾಯಿಸಿಕೊಂಡು ರವಿಕೆ ಹೊಲಿಯುತ್ತಿದ್ದಳು. ಗುರುವಾರ ಬೆಳಿಗ್ಗೆ ಬಂದು ಭೇಟಿಯ ಕೋಣೆಯಲ್ಲಿ, ಕಂಬಿ ಜಾಲರಿಯ ಹೊರಮಗ್ಗುಲಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಜಾಲರಿಯ ಒಳಗೆ ಸೌಟಮ್ಮ ಕುಳಿತರು.

"ಏನಕ್ಕಾ, ಊಟದ ಮನೇಲಿ ಧರಣಿ ಕೂತಿದೀಯಂತೆ."

"ಕೂತಿಲ್ಲ ಕಣೇ. ಮಂಡಿಯೂರಿದೀನಿ. ಕೂತಿದ್ರೆ ಯಾರೂ ಬೇಡ ಅಂತಿರಲಿಲ್ಲ."

ತಂಗಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದಳು. ಆ ಆರೈಕೆಮನೆಯನ್ನು ದಾರಿಯಲ್ಲಿ ತಾನೇ ನೋಡಿ ಬಂದಿದ್ದಾಳೆ. ನಲ್ಲಿ ತಿರುಗಿಸಿದರೆ ಬಿಸಿನೀರು, ಕಿಟಕಿಗೆ ಪರದೆ, ಪರದೆಯ ಹೊಲಿಗೆ ಮಾತ್ರ ಸೊಟ್ಟ. ಉಳಿದಂತೆ ಬೆರಳಿಟ್ಟು ತೋರಿಸುವಂಥ ಕೊರತೆಯಿಲ್ಲ. ನರ್ಸುಗಳು ನಗುನಗುತ್ತಾ ಮಾತಾಡುತ್ತಾರೆ.

"ಮೆಟ್ಟಿಲು ಹತ್ತೋ ಹಾಗೇ ಇಲ್ಲ. ಲಿಫ್ಟ್ ಇದೆ."

"ಮೇಲಕ್ಕೆ ಹೋಗೋದಕ್ಕೆ ನಂಗೆ ಲಿಫ್ಟ್ ಬೇಡ."

"ಅಪ್ಪನ ಹಟ ಅಷ್ಟೂ ನಿಂಗೇ ಬಂತು."

"ನಿಂಗೆ ಅವರ ಮೂಗು ಬಂತು. ಲಾಭ ನಂಗೇ ಆಯ್ತು ಬಿಡು."

ತಂಗಿ ನಗಬಾರದೆಂದು ನಿರ್ಧರಿಸಿ ಬಂದಿದ್ದಳು. ಚೀಲದ ಹಿಡಿಕೆಯನ್ನು ಸರಿಮಾಡಿಕೊಂಡಳು. ಸೌಟಮ್ಮ ಜಾಲರಿಯ ಹತ್ತಿರಕ್ಕೆ ಬಾಗಿದರು.

"ನಿನ್ನತ್ತೆ ಕಡೇ ಎರಡು ವರ್ಷ ಹಾಲು ಚೆಲ್ಲೋರು, ಒಲೆ ಆರಿಸೋದು ಮರೆಯೋರು ಅಂತಿದ್ದೆ. ಆಗ ನೀನು ಏನಂತಿದ್ದೆ ಅವರಿಗೆ?"

"ಏನನ್ನಲಿ, ಪಾಪ. ಏನೂ ಅಂತಿರಲಿಲ್ಲ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ದಿನಾ ಜಗಳ. ಒಂದು ಲೋಟ ಇಡೋ ಜಾಗಕ್ಕೂ ಜಗಳ. ನಿಂಗೆ ಗೊತ್ತಲ್ಲ."

"ಯಾವಾಗ ಅವರು ಆ ಮನೆಯೋರಾಗಿದ್ರು, ಹೇಳು. ಪಾಪ ಅಂದಾಗಲೋ, ಜಗಳ ಆಡಿದಾಗಲೋ?"

ತಂಗಿ ಕನ್ನಡಕ ತೆಗೆದು ಇನ್ನೊಂದನ್ನು ಹಾಕಿಕೊಂಡಳು. ಅದು ಹತ್ತಿರದ್ದು ನೋಡುವ ಕನ್ನಡಕ. ಆಮೇಲೆ ಇಬ್ಬರೂ ಬೇರೆ ಮಾತಾಡಿದರು, ಯಾರು ಸತ್ತರು, ಯಾರಿಗೆ ಮೊಮ್ಮಗು ಹುಟ್ಟಿತು ಎಂದು. ಹೋಗುವಾಗ ಆಕೆ ಜಾಲರಿಯಾಚೆ ಬಂದು ನಿಂತ ಮದರ್ ಅವರಿಗೆ, "ಅಳತೆ ತಗೊಳ್ಳೋಕೆ ಬಂದೆ ಮದರ್, ಬಟ್ಟೇನೇ ಕೊಡಲಿಲ್ಲ ಅವಳು" ಎಂದಳು. ಆ ಮಧ್ಯಾಹ್ನವೂ ಸೌಟಮ್ಮ ಮಂಡಿಯೂರಿದರು. ಮದರ್ ಕೊಡತಿಯನ್ನು ಮುಟ್ಟಲೇ ಇಲ್ಲ, ನೋಡದವರಂತೆ ಸೂಪು ಕುಡಿದರು. ಮಾತಿನ ಗಂಟೆಯಲ್ಲಿ ಮನೆ ಎರಡಾಗಿತ್ತು. ಪಾಪ, ಮಂಡಿ ಹಾಳಾಗುತ್ತೆ ಎನ್ನುವವರು ಐವರು; ಹಟವಾದರೂ ಸೌಟಮ್ಮ ಸರಿಯಾದದ್ದೇ ಮಾಡ್ತಿದಾರೆ ಎನ್ನುವವರು ಮೂವರು. ಉಪಮದರ್ ಯಾವ ಕಡೆಯೂ ಇರಲಿಲ್ಲ. ಓಸ್ತಿಯ ಅಂಚು ಕತ್ತರಿಸುತ್ತಾ, ನನಗೆ ಕೆಲಸವಿದೆ ಎಂದರು.

ಶುಕ್ರವಾರ ಬೆಳಿಗ್ಗೆ ತಪ್ಪೊಪ್ಪಿಗೆ ಸಭೆ. ಕಲ್ಲುನೆಲದ ಉದ್ದನೆಯ ಕೋಣೆ, ಎರಡೂ ಬದಿ ಗೋಡೆಗೆ ಹೊಂದಿಕೊಂಡ ಬೆಂಚು, ತುದಿಯಲ್ಲಿ ಮದರ್ ಅವರ ಎತ್ತರದ ಹಳೆಯ ಕುರ್ಚಿ. ಒಬ್ಬೊಬ್ಬರೇ ನಡುವೆ ಬಂದು ವಾರದ ತಪ್ಪುಗಳನ್ನು ಹೇಳಿದರು. ಒಬ್ಬರು ಬಾಗಿಲನ್ನು ಸದ್ದಾಗುವಂತೆ ಹಾಕಿದ್ದರು. ಒಬ್ಬರು ಪ್ರಾರ್ಥನೆಯಲ್ಲಿ ತೂಕಡಿಸಿದ್ದರು. ಇನ್ನೊಬ್ಬರು ಒಂದು ಬೆಕ್ಕಿನ ಜೊತೆ ಮಾತಾಡಿದ್ದರು, ಅದೂ ಎರಡು ಸಲ. ಮದರ್ ತಗ್ಗಿದ ದನಿಯಲ್ಲಿ ಎಲ್ಲರಿಗೂ ಸಣ್ಣಪುಟ್ಟ ಶಿಕ್ಷೆ ಕೊಟ್ಟರು. ಮುಗಿಯಿತು ಎನ್ನುವಾಗ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

ಸೌಟಮ್ಮ ನಡುವೆ ಬಂದು ನಿಂತರು.

"ಮಂಗಳವಾರ ಉಪ್ಪಿನ ಬಟ್ಟಲು ಒಡೆದೆ. ಬುಧವಾರ ಏಳಿ ಅಂದಾಗ ಏಳಲಿಲ್ಲ. ಗುರುವಾರ ಬೇಡ ಅಂದಿದ್ದನ್ನ ಮೀರಿ ಮತ್ತೆ ಊರಿದೆ. ಇವತ್ತೂ ಏಳಲ್ಲ. ಇದಕ್ಕೆ ಶಿಕ್ಷೆ ಬೇಡ್ತೀನಿ."

"ಸಿಸ್ಟರ್, ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ" ಎಂದರು ಮದರ್. ಆ ದನಿಯಲ್ಲಿ ಅವರು ಹಿಂದೆ ಆಸ್ಪತ್ರೆಯಲ್ಲಿ ಎಷ್ಟೋ ಜನರಿಗೆ ಏನೂ ಆಗಿಲ್ಲ ಎಂದು ಹೇಳಿದ್ದರು. "ನಿಮಗೆ ವಿನಾಯಿತಿ ಇದೆ."

"ವಿನಾಯಿತಿ ನಾನು ಕೇಳಿರಲಿಲ್ಲ ಮದರ್. ನಾನು ಕೇಳಿದ್ದು ಸಾಯೋತನಕ ಈ ಮನೆ. ಐವತ್ತೆಂಟು ವರ್ಷದ ಹಿಂದೆ ವ್ರತ ತೊಟ್ಟ ದಿನ ಇದೇ ನೆಲದ ಮೇಲೆ ಬೋರಲು ಮಲಗಿ ಕೇಳಿದೆ. ಕೊಡ್ತೀವಿ ಅಂದಿದ್ರಿ."

"ಆಗ ನಾನು ಹುಟ್ಟೇ ಇರಲಿಲ್ಲ ಸಿಸ್ಟರ್."

"ನಿಮ್ಮ ಕುರ್ಚಿ ಹುಟ್ಟಿತ್ತು."

ಬೆಂಚಿನ ಮೇಲೆ ಬೆಕ್ಕಿನ ಸಿಸ್ಟರ್ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮುಂದಿನ ಶುಕ್ರವಾರಕ್ಕೆ ಅವರಿಗೊಂದು ತಪ್ಪು ಸಿದ್ಧವಾಯಿತು. ಮದರ್ ಮುಖ ಕೆಂಪಾಯಿತು. ಅವರು ಕಣ್ಣು ಮುಚ್ಚಿ ತೆರೆದರು, ಎಂದಿನ ನಗುವನ್ನು ಹುಡುಕಿ ತಂದುಕೊಂಡರು. ಸೌಟಮ್ಮನವರನ್ನು ಕೋಣೆಗೆ ಕರೆದುಕೊಂಡು ಹೋಗಿ ಎಂದು ಯಾರಿಗೋ ಹೇಳಲು ಕೈಯೆತ್ತಿದರು.

ಅಷ್ಟರಲ್ಲಿ ಉಪಮದರ್ ಎದ್ದು ನಿಂತರು.

ಆ ಸಭೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ತನ್ನ ತಪ್ಪನ್ನಷ್ಟೇ ಅಲ್ಲ, ಮನೆಯ ಇನ್ನೊಬ್ಬರ ತಪ್ಪನ್ನೂ ಎಲ್ಲರೆದುರು ಎತ್ತಿ ಹೇಳಬಹುದಿತ್ತು. ಹಾಗೆ ಹೇಳಿದ ಮೇಲೆ ಮದರ್ ಶಿಕ್ಷೆ ಕೊಡಲೇಬೇಕು. ದೂರಿಗೆ ಒಳಗಾದವರು ತುಟಿ ಬಿಚ್ಚುವಂತಿಲ್ಲ. ಅದರಿಂದ ಪ್ರೀತಿಗಿಂತ ಸೇಡೇ ಹೆಚ್ಚು ಬೆಳೆಯುತ್ತದೆಂದು ಹದಿನೈದು ವರ್ಷದಿಂದ ಯಾರೂ ಬಳಸಿರಲಿಲ್ಲ. ಆದರೆ ಪುಸ್ತಕದಿಂದ ಅದನ್ನು ಹೊಡೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ.

"ಈ ಸಿಸ್ಟರ್ ಮೇಲೆ ಪ್ರೀತಿಯಿಂದ ದೂರು ಹೇಳ್ತೀನಿ" ಎಂದು ಉಪಮದರ್ ಆರಂಭಿಸಿದರು. ಪ್ರೀತಿಯಿಂದ ಎಂಬ ಮಾತು ಪುಸ್ತಕದಲ್ಲಿದ್ದದ್ದು, ದನಿ ಅವರದೇ. "ಮೂರು ದಿನದಿಂದ ಮದರ್ ಮಾತು ಮೀರಿದಾರೆ. ಹಟಮಾರಿ. ಗರ್ವ ಬೇರೆ. ಸಭೆಗೆ ಹೊತ್ತು ಮೀರಿ ಬಂದಿದಾರೆ. ಮೂವತ್ತೊಂಬತ್ತು ವರ್ಷ ನಮ್ಮೆಲ್ಲರ ಸೂಪಿಗೆ ಕಡಲಿನಷ್ಟು ಉಪ್ಪು ಸುರಿದಿದಾರೆ, ಹೇಳಿದ್ರೆ ಕೈಯಲ್ಲಿ ಅಸಭ್ಯ ಸನ್ನೆ ಮಾಡಿದಾರೆ." ಅವರು ಉಸಿರು ತೆಗೆದುಕೊಂಡರು. "ಇವರಿಗೆ ಶಿಕ್ಷೆ ಕೊಡಿ ಮದರ್. ಮನೆಯೋರಿಗೆ ಕೊಡೋ ಹಾಗೆ ಕೊಡಿ. ನೆಂಟರಿಗೆ ಕೊಡೋ ಹಾಗೆ ಬೇಡ."

ಹೇಳಿ ಕುಳಿತರು, ಕುಳಿತು ನಿಲುವಂಗಿಯ ತೋಳಿನ ಮೇಲಿದ್ದ ಹಿಟ್ಟನ್ನು ಕೊಡವಿಕೊಂಡರು. ಸೌಟಮ್ಮ ಅವರತ್ತ ತಿರುಗಿ ನೋಡಿದರು. ಉಪ್ಪಿನ ವಿಷಯಕ್ಕೆ ಉತ್ತರ ಕೊಡದೆ ಬಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಮದರ್ ನಿಯಮದ ಪುಸ್ತಕ ತೆರೆದು ಬಹಳ ಹೊತ್ತು ಒಂದೇ ಪುಟ ನೋಡಿದರು. ಅದರಲ್ಲಿ ಮಂಡಿಯ ಸವೆತದ ಬಗ್ಗೆ ಏನೂ ಇರಲಿಲ್ಲ. ಡಾಕ್ಟರ್ ಏನೆನ್ನುತ್ತಾರೆಂದು ಅವರಿಗೆ ಗೊತ್ತಿತ್ತು, ಊತಕ್ಕೆ ಯಾವ ಮುಲಾಮು ಹಚ್ಚಬೇಕೆಂದೂ ಗೊತ್ತಿತ್ತು. ಎದುರಿಗೆ ಹತ್ತು ಮಂದಿ ಕಾಯುತ್ತಿದ್ದರು, ಅದರಲ್ಲಿ ಒಬ್ಬರು ನಿಂತಿದ್ದರು.

"ಇವತ್ತು ಮಧ್ಯಾಹ್ನ" ಎಂದರು ಕೊನೆಗೆ. "ಊಟ ಮುಗಿಯೋತನಕ. ದಿಂಬು ಇಟ್ಕೊಂಡು."

ಸೌಟಮ್ಮ ಮಾತಾಡುವಂತಿರಲಿಲ್ಲ. ಊರುಗೋಲನ್ನು ನೆಲಕ್ಕೆ ಒತ್ತಿ, ಮದರ್ ಮುಖವನ್ನೇ ನೋಡುತ್ತಾ ಇದ್ದಲ್ಲೇ ನಿಂತರು.

"ದಿಂಬು ಇಲ್ಲದೆ" ಎಂದರು ಮದರ್.

ಆ ಮಧ್ಯಾಹ್ನ ಊಟಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ಎಂದೂ ಅಷ್ಟು ಹಿಡಿಯುವುದಿಲ್ಲ, ಹದಿನೈದಕ್ಕೆ ಮುಗಿಯುತ್ತದೆ. ತಡವಾದದ್ದು ಉಪಮದರ್ ಅವರಿಂದ. ಎಲ್ಲರಿಗಿಂತ ಮೊದಲು ತಿಂದು ಕೈಕಟ್ಟಿ ಕೂರುವ ಅವರು ಅಂದು ಬ್ರೆಡ್ಡಿನ ಒಂದೊಂದು ತುಣುಕನ್ನೂ ಮುರಿದು, ಅದ್ದಿ, ಅಗಿದು, ಬಟ್ಟಲಿನ ತಳವನ್ನು ಚಮಚದಿಂದ ಮೂರು ಸಲ ಬಳಿದರು. ಊಟ ಮುಗಿಯುವತನಕ ಎಂದು ಹೇಳಿಯಾಗಿತ್ತು; ಒಬ್ಬರು ತಿನ್ನುತ್ತಿದ್ದರೂ ಮದರ್ ಕೊಡತಿ ಕುಟ್ಟುವಂತಿಲ್ಲ. ಅದು ಹಗೆಯೋ ಗೌರವವೋ ಎಂದು ಮಾತಿನ ಗಂಟೆಯಲ್ಲಿ ಆಮೇಲೆ ಚರ್ಚೆಯಾಯಿತು, ತೀರ್ಮಾನವಾಗಲಿಲ್ಲ. ನಡುವೆ ಸೌಟಮ್ಮ ಬೆನ್ನು ನೆಟ್ಟಗಿಟ್ಟುಕೊಂಡು ಮಂಡಿಯೂರಿದ್ದರು. ಅಂಗೈ ನಡುಗಿ ಚೂರುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು, ಒರೆಸಲಿಲ್ಲ. ಮದರ್ ಒಂದು ಚಮಚವನ್ನೂ ಬಾಯಿಗಿಡಲಿಲ್ಲ. ಕೊಡತಿ ಅವರ ಕೈಯಲ್ಲೇ ಇತ್ತು.

ಉಪಮದರ್ ಚಮಚ ಕೆಳಗಿಟ್ಟರು. ಕೊಡತಿಯ ಏಟು ಬಿತ್ತು. ಸೌಟಮ್ಮ ಏಳಲು ನೋಡಿದರು, ಆಗಲಿಲ್ಲ; ಬಟ್ಟೆ ಒಗೆಯುವ ಸಿಸ್ಟರ್ ಒಂದು ಕಡೆ, ಬೆಕ್ಕಿನ ಸಿಸ್ಟರ್ ಇನ್ನೊಂದು ಕಡೆ ಹಿಡಿದು ಎತ್ತಿದರು. ತಮ್ಮ ಜಾಗಕ್ಕೆ ಹೋಗಿ ಕುಳಿತು ತಣ್ಣನೆಯ ಸೂಪನ್ನು ಪೂರ್ತಿ ಕುಡಿದರು. ಉಳಿದವರು ಕಾದರು.

ಸಂಜೆಗೆ ಎರಡೂ ಮಂಡಿ ಊದಿದವು. ಡಾಕ್ಟರ್ ಬಂದು ನೋಡಿ, ಇದು ಯಾವ ಕಾಲದ ಪದ್ಧತಿ ಎಂದು ಮದರ್ ಅವರನ್ನು ಗದರಿದರು. ಮದರ್ ತಲೆ ತಗ್ಗಿಸಿ ಕೇಳಿದರು, ಆಮೇಲೆ ತಾವೇ ಕುಳಿತು ಮುಲಾಮು ಹಚ್ಚಿದರು. ಶನಿವಾರ ಬೆಳಿಗ್ಗೆ ಅವರು ಊರಿಗೆ ಫೋನ್ ಮಾಡಿ ಸೋಮವಾರದ ಕಾರು ಬೇಡವೆಂದರು. ಆರೈಕೆಮನೆಯ ಆ ಕೋಣೆ ಬೇರೆ ಯಾರಿಗೋ ಹೋಯಿತು.